ಬೇಯಿಸಿದ ಈರುಳ್ಳಿಯೂ ನಾಯಿಗೆ ಸುರಕ್ಷಿತವಲ್ಲ: ಒಂದು ಸ್ಪಷ್ಟನೆ

"ನಾಯಿಗೆ ಯಾವ ತರಕಾರಿಯನ್ನಾದರೂ ಕೊಡಬಹುದು, ಈರುಳ್ಳಿ, ಬೆಳ್ಳುಳ್ಳಿಯನ್ನು ಬೇಯಿಸಿದರೆ ಅವುಗಳ ವಿಷವೂ ಹೋಗುತ್ತದೆ" ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ತಪ್ಪು, ಅದರಲ್ಲೂ ಜೀವಕ್ಕೆ ಎರವಾಗಬಲ್ಲ ತಪ್ಪು.

ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿ ಮಾಡಿ ಅವು ಒಡೆದುಹೋಗುವಂತೆ ಮಾಡುತ್ತವೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಈ ಗುಣ ಉಳಿದೇ ಇರುತ್ತದೆ. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ತಿಂದರೆ ರಕ್ತದಲ್ಲಿ ಗಂಭೀರ ಬದಲಾವಣೆ ಆಗಬಲ್ಲದು, ಅಂದರೆ 5 ಕಿಲೋ ತೂಕದ ನಾಯಿಗೆ ಮಧ್ಯಮ ಗಾತ್ರದ ಒಂದೇ ಈರುಳ್ಳಿ ಸಾಕು. ಲಕ್ಷಣಗಳು ಹಲವು ದಿನ ತಡವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ "ನಮ್ಮ ನಾಯಿ ತಿಂದಿತು, ಏನೂ ಆಗಲಿಲ್ಲ" ಎಂಬ ಮಾತನ್ನು ನಂಬಿ ಕೂರಬಾರದು. ವಸಡು ಬಿಳಿಚಿಕೊಳ್ಳುವುದು, ಮೂತ್ರ ಕಂದುಗೆಂಪಾಗುವುದು, ಸುಸ್ತು, ಏದುಸಿರು ಇವುಗಳನ್ನು ಗಮನಿಸಬೇಕು.

ಕ್ಯಾರೆಟ್, ಬೀನ್ಸ್, ಸೌತೆಕಾಯಿ, ಬೇಯಿಸಿದ ಕುಂಬಳಕಾಯಿಯನ್ನು ಉಪ್ಪು, ಖಾರ, ಒಗ್ಗರಣೆ ಇಲ್ಲದೆ ಕೊಡಬಹುದು. ಗಟ್ಟಿಯಾದ ಕ್ಯಾರೆಟ್ಟನ್ನು ಉರುಟು ಬಿಲ್ಲೆಗಳಾಗಿ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಸಣ್ಣಗೆ ಹೆಚ್ಚುವುದು ಅಥವಾ ಮೆತ್ತಗೆ ಬೇಯಿಸುವುದು ಮೇಲು. ಮೆಕ್ಕೆಜೋಳದ ದಿಂಡು ಕರುಳಿಗೆ ಅಡ್ಡ ಸಿಲುಕಬಲ್ಲದು, ಅದನ್ನು ಕೊಡಲೇಬೇಡಿ. ಇಂಥ ತಿನಿಸುಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದು.

ನಾಯಿ ಈರುಳ್ಳಿಯನ್ನು ತಿಂದುಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ತಿಳಿಸಿ ಕೂಡಲೇ ಪಶುವೈದ್ಯರ ಸಲಹೆ ಪಡೆಯಿರಿ.