ಸತ್ಯಾಂಶ: ಕಾರಿನ ಆಂಪ್ಲಿಫೈಯರ್‌ಗೆ ಫ್ಯೂಸ್ ಎಲ್ಲಿರಬೇಕು?

‘ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇರುವುದರಿಂದ ಬ್ಯಾಟರಿಯ ಬಳಿ ಇನ್ನೊಂದು ಬೇಕಿಲ್ಲ; ಅದು ಪದೇ ಪದೇ ಸುಟ್ಟರೆ ದೊಡ್ಡದನ್ನು ಹಾಕಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ಸ್ಪೀಕರ್‌ಗಳ ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫೈಯರ್‌ನ ಫ್ಯೂಸ್ ಆ ಉಪಕರಣವನ್ನಷ್ಟೇ ಕಾಯುತ್ತದೆ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಹಲವು ಮೀಟರ್ ಸಾಗುವ ಪಾಸಿಟಿವ್ ವೈರು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ರಂಧ್ರದ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಕಳೆದುಕೊಂಡು ಕಾರಿನ ಲೋಹದ ಮೈಗೆ ತಾಗಿದರೆ, ನೂರಾರು ಆಂಪಿಯರ್ ವಿದ್ಯುತ್ ಆ ತುದಿಯ ಫ್ಯೂಸನ್ನು ತಲುಪದೆ ಅಲ್ಲಿಂದಲೇ ಹರಿದು, ವೈರು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದಲೇ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗಿರಬೇಕು; ಇನ್ನೂ ಹತ್ತಿರವಿದ್ದರೆ ಮತ್ತೂ ಒಳ್ಳೆಯದು. ರಂಧ್ರಕ್ಕೆ ರಬ್ಬರ್ ಗ್ರೊಮೆಟ್ (ಅಂಚು ವೈರಿಗೆ ಉಜ್ಜದಂತೆ ತಡೆಯುವ ಬಳೆ) ಕೂಡ ಬೇಕು. ಇಷ್ಟು ಅಗ್ಗದ ವಸ್ತುವನ್ನೇ ಮರೆಯುವುದು ವಿಚಿತ್ರ.

ಫ್ಯೂಸಿನ ಆಂಪಿಯರ್ ಅಳತೆ ವೈರು ತಾಳುವ ವಿದ್ಯುತ್ ಪ್ರವಾಹವನ್ನು ಮೀರಬಾರದು; ಮೀರಿದರೆ ಫ್ಯೂಸ್ ಸುಡುವ ಮೊದಲೇ ವೈರು ಕಾಯಬಹುದು. ಆಂಪ್ಲಿಫೈಯರ್‌ಗೆ 12 ವೋಲ್ಟ್‌ನಲ್ಲಿ 600 ವ್ಯಾಟ್ ಬೇಕೆಂದರೆ, ನಷ್ಟವನ್ನು ಲೆಕ್ಕಿಸದೆಯೂ, 50 ಆಂಪಿಯರ್ ಆಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ತಾಮ್ರ ಲೇಪಿತ ಅಲ್ಯೂಮಿನಿಯಂ ವೈರು, ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಕಡಿಮೆ ಪ್ರವಾಹವನ್ನು ತಾಳುತ್ತದೆ. ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಕಳಚಿ, ವೈರಿನ ಉದ್ದಕ್ಕೂ ಹೊದಿಕೆ ಎಲ್ಲಿ ಹರಿದಿದೆ ಎಂದು ಹುಡುಕಬೇಕು.