ಮೊದಲು ಕಥೆ ಕೇಳಿ, ಆಮೇಲೆ ಉಣ್ಣಿ

ಟಿವಿಯ ಅಡುಗೆ ಸ್ಪರ್ಧೆಯಲ್ಲಿ ರುಚಿ ನೋಡುವವರು ಜಡ್ಜುಗಳು ಮಾತ್ರ. 2010ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಶುರುವಾದಾಗಿನಿಂದ ನಾವು ಸೋಫಾದಲ್ಲಿ ಕೂತು, ಮನೆಯ ತಿಳಿಸಾರಿಗೆ ಅನ್ನ ಕಲಸಿಕೊಳ್ಳುತ್ತಾ, ಅವರ ಮುಖ ನೋಡಿಯೇ ಉಪ್ಪು ಹದವಾಗಿದೆ ಅಂತ ತೀರ್ಪು ಕೊಡುತ್ತಾ ಬಂದಿದ್ದೇವೆ. ಜಡ್ಜು ಕಣ್ಣು ಮುಚ್ಚಿದರೆ ಅಡುಗೆ ಚೆನ್ನಾಗಿದೆ. ಪಿಟೀಲು ಕೇಳಿಸಿದರೆ ಸ್ಪರ್ಧಿಗೆ ಅಮ್ಮನ ನೆನಪಾಗಿದೆ. ಇಷ್ಟು ಗೊತ್ತಿದ್ದರೆ ಸಾಕು.

ಇಂಥದ್ದೇ ಒಂದು ಸ್ಪರ್ಧೆಯಲ್ಲಿ ಹೆಸರು ಮಾಡಿದ ಶೆಫ್ ಈಗ ಮುಂಬೈಯ ಲೋವರ್ ಪರೇಲಿನಲ್ಲಿ ರೆಸ್ಟೋರೆಂಟ್ ತೆರೆದಿದ್ದಾರೆ. ಯಾರು ಅಂತ ಕೇಳಬೇಡಿ. ಬಾಗಿಲಲ್ಲಿ ಅವರ ಆಳೆತ್ತರದ ಕಟೌಟ್, ಕೈಕಟ್ಟಿ ನಿಂತಿದೆ. (ಈ ಶೆಫ್‌ಗಳೆಲ್ಲ ಕೈಕಟ್ಟಿಕೊಂಡೇ ಇದ್ದರೆ ಅಡುಗೆ ಮಾಡುವುದು ಯಾವಾಗಲೋ.) ಒಳಗಿನ ಟೇಬಲ್ಲಿಗಿಂತ ಅದರ ಜೊತೆ ಸೆಲ್ಫಿ ತೆಗೆಸಿಕೊಳ್ಳುವ ಕ್ಯೂವೇ ಉದ್ದ.

ಟಿವಿಯಲ್ಲಾದರೆ ಟೈಮ್ ಮುಗಿದ ಕೂಡಲೇ ಅಡುಗೆ ಮಾಡುವವರು ಕೈ ಎತ್ತುತ್ತಾರೆ. ಇಲ್ಲಿ ಕೈ ಎತ್ತಿದ್ದು ನಾವು. ಯಾವ ವೇಟರೂ ತಿರುಗಿ ನೋಡಲಿಲ್ಲ. ಕೊನೆಗೆ ಒಬ್ಬರು ಬಂದರು, ತಟ್ಟೆ ಇಟ್ಟರು, ತಿನ್ನಲು ಬಿಡಲಿಲ್ಲ. ಮೊದಲು ಕಥೆ ಕೇಳಬೇಕಂತೆ. ಶೆಫ್ ಚಿಕ್ಕವರಿದ್ದಾಗ ಮನೆಯಲ್ಲಿ ತಿನ್ನಲು ಏನೂ ಇರುತ್ತಿರಲಿಲ್ಲವಂತೆ. ತಟ್ಟೆ ನೋಡಿದರೆ ಈಗಲೂ ಇಲ್ಲ. ಮಧ್ಯದಲ್ಲಿ ಒಂದು ಪುಟ್ಟ ಗ್ಲಾಸು, ಅದರಲ್ಲಿ ಎರಡು ಗುಟುಕು ಕಂದು ನೀರು, ಮೇಲೊಂದು ಹೂವು, ಬೆಲೆ 895 ರೂಪಾಯಿ. ನಮ್ಮ ಅತ್ತೆ ಒಂದೇ ಗುಟುಕಿಗೆ ಮುಗಿಸಿ, "ಇದ್ ಹುರುಳಿ ಸಾರಲ್ದಾ?" ಅಂದರು. ವೇಟರಿಗೆ ಬೇಜಾರಾಯಿತು. ಅದು ಶೆಫ್ ಅವರ ಬಾಲ್ಯವಂತೆ.

ಕಷ್ಟದ ಕಥೆ ನಮಗೇನು ಹೊಸದಾ? ಈ ಮುಂಬೈಯಲ್ಲೇ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಬೆಂಚಿನ ಮೇಲೆ ಮಲಗಿ, ಆಮೇಲೆ ಅಂಥದ್ದೇ ಹೋಟೆಲಿನ ಗಲ್ಲಾದಲ್ಲಿ ಕೂತವರು ಎಷ್ಟು ಜನ ಬೇಕು ನಿಮಗೆ? ಅವರು ಯಾರೂ ಇಡ್ಲಿಯ ಜೊತೆ ತಮ್ಮ ಬಾಲ್ಯ ಬಡಿಸಲಿಲ್ಲ. ಚಟ್ನಿ ಬಡಿಸಿದರು, ಕೇಳಿದರೆ ಇನ್ನೊಂದು ಸಲ ಬಡಿಸಿದರು. ಮಾಟುಂಗಾ ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಹಾಕುತ್ತಿದೆ. ಅಲ್ಲಿ ಸಾರು ಕುದಿಸುವವರ ಹೆಸರು ನಿಮಗೆ ಗೊತ್ತಾ? ನನಗಂತೂ ಗೊತ್ತಿಲ್ಲ. ಅವರ ಕಟೌಟೂ ಇಲ್ಲ.

ಬಿಲ್ಲು ಬಂತು. ಐದು ಪರ್ಸೆಂಟ್ ಜಿಎಸ್‌ಟಿ ಸರಿ, ಅದು ಸರ್ಕಾರದ್ದು. ಅದರ ಮೇಲೆ ಹತ್ತು ಪರ್ಸೆಂಟ್ 'ಅನುಭವ ಶುಲ್ಕ'. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ ಅಂತ ನಮ್ಮ ಯಜಮಾನರು ಶಾಂತವಾಗಿ ವಿವರಿಸಿದರು. ಮ್ಯಾನೇಜರ್ ಕೈಕಟ್ಟಿ ನಿಂತು ಕೇಳಿದರು. ಅದೂ ಕಟೌಟ್ ನೋಡಿಯೇ ಕಲಿತಿದ್ದಿರಬೇಕು. ಶುಲ್ಕ ತೆಗೆದರು, ಮುಖದ ಮೇಲಿದ್ದ ನಗುವನ್ನೂ ತೆಗೆದರು.

ನಮ್ಮ ಮಾತು ಕೇಳಿ ತಟ್ಟೆ ಎತ್ತುವ ಹುಡುಗ ಹತ್ತಿರ ಬಂದ. ಕುಂದಾಪುರದ ಕಡೆಯವನು. ಶೆಫ್ ಎಲ್ಲಿ ಅಂತ ಅತ್ತೆ ಕೇಳಿದರು.

"ಶೂಟಿಂಗಿಗೆ ಹೋಯ್ರ್ ಅಮ್ಮ. ಅಡಿಗೆ ನಾವೇ ಮಾಡುದ್."

"ನೀವ್ ಎಂತ ಉಣ್ತ್ರಿ?"

"ಒಳಗೆ ಗಂಜಿ, ಒಣಮೀನ್ ಚಟ್ನಿ."

ಅತ್ತೆಯ ಮುಖ ಅರಳಿತು. "ಗಂಜಿಯಾ! ನಮ್ಗೂ ಒಂಚೂರ್ ಕೊಡ್ ಮಗಾ."

ಹುಡುಗ ಗಾಬರಿಯಾಗಿ ಮ್ಯಾನೇಜರ್ ಕಡೆ ನೋಡಿದ. "ಸಣ್ಣಕೆ ಹೇಳಿ ಅಮ್ಮ. ಅವ್ರಿಗೆ ಕೇಂಡ್ರೆ ನಾಳೆಯೇ ಮೆನುವಿಗೆ ಹಾಕ್ತ್ರ್, ಸಾವಿರದ ಇನ್ನೂರು ರೂಪಾಯಿಗೆ."