ಮುಖ ಮಂಜಾಗಿದೆ ಕಣಮ್ಮಾ

ನಮ್ಮ ಮನೆಯಲ್ಲಿ ಹೊತ್ತು ಅಳೆಯುವುದು ಕುಕ್ಕರ್ ಸೀಟಿಯಿಂದ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಸ್ಮರಣ ಸಂಚಿಕೆಯ ಫೈಲ್ ತೆರೆದುಕೊಳ್ಳುವುದಕ್ಕೆ ಐದು.

ಸುಮ್ನೆ ಹೇಳುತ್ತಿಲ್ಲ. ಅಡುಗೆಮನೆಗೂ ನನ್ನ ಕಂಪ್ಯೂಟರ್ ಟೇಬಲ್ಲಿಗೂ ನಡುವೆ ಒಂದು ಗೋಡೆ ಅಷ್ಟೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗೆ ಹೋಗಿ, ಹುರುಳಿಕಾಯಿ ಹೆಚ್ಚಿ, ಒಗ್ಗರಣೆ ಹಾಕಿ ಬಂದರೂ ಆ ನೀಲಿ ಉಂಗುರ ಸುತ್ತುತ್ತಲೇ ಇರುತ್ತದೆ. ಗಾಣದ ಎತ್ತಾದರೂ ನಡುವೆ ಒಂದು ಸಲ ನಿಂತು ಬಾಲ ಬೀಸುತ್ತದೆ. ಇದಕ್ಕೆ ಅದೂ ಇಲ್ಲ. "ರೀಸ್ಟಾರ್ಟ್ ಮಾಡಿ ನೋಡು" ಅನ್ನುತ್ತಾರೆ ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮಿಕ್ಸಿಗೂ ಗೀಸರಿಗೂ ನನ್ನ ತಲೆನೋವಿಗೂ ಅವರು ಕೊಟ್ಟ ಔಷಧಿ ಇದೊಂದೇ.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು, ನನಗೆ ಹೊಸ ಕೆಲಸ ಅಲ್ಲ. ಮೈಸೂರಿನಲ್ಲಿ ಮನೆಯಲ್ಲೇ ಕೂತು ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲ ಮಾಡಿದ್ದೇನೆ. ಶುರು ಮಾಡಿದ್ದು ಪೇಜ್‌ಮೇಕರ್ 7ರಲ್ಲಿ. 2001ರಲ್ಲಿ ಬಂದ ಆ 7ನೆಯದೇ ಪೇಜ್‌ಮೇಕರಿನ ಕಡೆಯ ಅವತಾರ. ಮಾಡಿದವರು ಮುಂದುವರಿಸುವುದನ್ನು ಬಿಟ್ಟರೂ ನಮ್ಮ ಕಡೆಯ ಡಿಟಿಪಿ ಅಂಗಡಿಗಳು ಬಿಡಲಿಲ್ಲ. ನುಡಿ ಫಾಂಟಿನ ಜೊತೆ ಅದು ವರ್ಷಗಟ್ಟಲೆ ಸಂಸಾರ ಮಾಡಿತು. ಆದರೆ ಈಗ ಎಲ್ಲರೂ ಮೊಬೈಲಿನಲ್ಲೇ ಟೈಪ್ ಮಾಡಿ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಪದ್ಧತಿಯಲ್ಲಿ, ಲೇಖನ ಕಳಿಸುತ್ತಾರೆ. ಪಾಪ, ಪೇಜ್‌ಮೇಕರಿಗೆ ಯೂನಿಕೋಡ್ ಅಂದರೇನು ಅಂತಲೇ ಗೊತ್ತಿಲ್ಲ. ಹಾಗಾಗಿ ಪುಟ ಜೋಡಿಸುವ ಇನ್ನೊಂದು ಸಾಫ್ಟ್‌ವೇರಾದ ಇನ್‌ಡಿಸೈನಿಗೆ ಬಂದೆ. ಬಂದ ಹೊಸದರಲ್ಲಿ, ಒತ್ತಕ್ಷರ ಸರಿಯಾಗಿ ಕೂಡಬೇಕಾದರೆ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಒತ್ತಬೇಕು ಅಂತ ತಿಳಿಯದೆ ಒಬ್ಬರ ಮನೆಯವರಿಗೆ 'ಶ್‌ರದ್‌ಧಾಂಜಲಿ' ತೋರಿಸಿ ಬೈಸಿಕೊಂಡಿದ್ದೆ. ಹೋದವರಿಗೆ ಒತ್ತಕ್ಷರ ಇದ್ದರೇನು ಬಿಟ್ಟರೇನು, ಇದ್ದವರು ಬಿಡುತ್ತಾರಾ?

ಈಗಿನ ಇನ್‌ಡಿಸೈನಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, 16 ಇದ್ದರೆ ಒಳ್ಳೆಯದು ಅಂತ ಮಾಡಿದವರೇ ಹೇಳುತ್ತಾರೆ. ಕನಿಷ್ಠ ಅನ್ನುವ ಮಾತನ್ನು ನಂಬಬೇಡಿ. ಎಲೆ ಹಾಕಿ ಉಪ್ಪು ಬಡಿಸಿದ್ದನ್ನೇ ಊಟ ಅಂದ ಹಾಗೆ ಅದು. ನನ್ನದು ಕೆಲವು ವರ್ಷ ಹಿಂದಿನ ಆವೃತ್ತಿ, ಕಂಪ್ಯೂಟರು ಅದಕ್ಕಿಂತ ಹಿಂದಿನದು, ರ್‍ಯಾಮು 4. ಅದರಲ್ಲಿ ಅರ್ಧ ವಿಂಡೋಸೇ ನುಂಗಿ ಕೂತಿರುತ್ತದೆ. ಮಿಕ್ಕದ್ದರಲ್ಲಿ ವಾಟ್ಸಾಪ್ ಕಾಲು ಚಾಚಿರುತ್ತದೆ. ಆದ್ದರಿಂದ ತಪ್ಪು ಸಾಫ್ಟ್‌ವೇರಿನದ್ದಲ್ಲ, ನನ್ನ ಜುಗ್ಗತನದ್ದು. ಕರೆಯೋಲೆ ಮಾಡುವ ತನಕ ಅದೂ ನಡೆಯುತ್ತಿತ್ತು. ಆಮೇಲೆ ಮೇಷ್ಟ್ರು ಬಂದರು.

ಮೇಷ್ಟ್ರು ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅವರ ಶಾಲೆಗೆ ಐವತ್ತು ತುಂಬಿದೆ. ಸ್ಮರಣ ಸಂಚಿಕೆಗೆ ಒಂಬತ್ತು ಜನರ ಸಮಿತಿ. ಎಂಟು ಜನ ಮೊದಲ ಸಭೆಯ ಬೋಂಡ ತಿಂದು ಮಾಯವಾದರು. ಉಳಿದವರು ಮೇಷ್ಟ್ರು ಒಬ್ಬರೇ. ಪುಸ್ತಕ 192 ಪುಟ ಅಂತ ಮೊದಲೇ ಗೆರೆ ಎಳೆದಿದ್ದೆ. ಪ್ರೆಸ್ಸಿನಲ್ಲಿ 16 ಪುಟಕ್ಕೆ ಒಂದು ಫಾರಂ, ಲೆಕ್ಕಕ್ಕೆ ಸರಿಯಾಗಿ 12 ಫಾರಂ. ಒಂದು ಪುಟ ಜಾಸ್ತಿಯಾದರೂ ಇಡೀ ಲೆಕ್ಕ ಕೆಡುತ್ತದೆ ಅಂತ ಅವರಿಗೆ ಹೇಳಿ, ಬರೆದೂ ಕೊಟ್ಟಿದ್ದೆ.

ಮೊದಮೊದಲು ಅವರು ಕಳಿಸುತ್ತಿದ್ದ ಫೋಟೋಗಳು ವಾಟ್ಸಾಪಿನಲ್ಲಿ ಹಿಂಡಿ ಹಿಪ್ಪೆಯಾಗಿ ಬರುತ್ತಿದ್ದವು. "ಹೀಗೆ ಬೇಡ ಸಾರ್, ಡಾಕ್ಯುಮೆಂಟ್ ಅಂತ ಕಳಿಸಿ" ಅಂದೆ. ಇದು ನಾನಾಗಿ ಕರೆದು ಮಣೆ ಹಾಕಿದ ಶನಿ. ಮೊಮ್ಮಗನಿಂದ ಕಲಿತುಕೊಂಡರು. ಕಲಿತ ಮೇಲೆ ನಿಲ್ಲಿಸಲಿಲ್ಲ. 143 ಫೋಟೋ ಬಂದವು. ಒಂದೊಂದೂ 4000 ಚುಕ್ಕಿ ಅಗಲ, 3000 ಎತ್ತರ. ಡಿಸ್ಕಿನಲ್ಲಿ ಕೂತಾಗ ಐದಾರು ಎಂಬಿ, ಸಂಭಾವಿತರ ಹಾಗೆ ಕಾಣುತ್ತವೆ. ತೆರೆದರೆ ಎಣ್ಣೆಗೆ ಬಿದ್ದ ಸಂಡಿಗೆ. ಒಂದೊಂದೂ ಅರಳಿ 36 ಎಂಬಿ. ಅಚ್ಚಾಗುವುದೋ ಪಾಸ್‌ಪೋರ್ಟ್ ಸೈಜಿನಲ್ಲಿ. ಅದಕ್ಕೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲೂ ಅಗಲಕ್ಕೆ ನಾನೂರು ಚಿಲ್ಲರೆ ಚುಕ್ಕಿ ಸಾಕು. ಮೊದಲೇ ಎಲ್ಲವನ್ನೂ ಚಿಕ್ಕದು ಮಾಡಿ ಆಮೇಲೆ ಪುಟಕ್ಕೆ ಹಾಕಬೇಕಿತ್ತು. ಗೊತ್ತಿತ್ತು. ಗೊತ್ತಿದ್ದೂ ಮಾಡದ ಕೆಲಸಗಳಲ್ಲಿ ಫ್ರಿಜ್ ತೊಳೆಯುವುದೂ ಇದೆ.

ಹಾಗಿದ್ದರೂ ಹೇಗೋ ನಿಭಾಯಿಸಬಹುದಿತ್ತು. ಸಾಫ್ಟ್‌ವೇರೇ ಒಂದು ಉಪಾಯ ಇಟ್ಟುಕೊಂಡಿದೆ. ಕೆಲಸ ಮಾಡುವಾಗ ಪರದೆ ಮೇಲೆ ಫೋಟೋದ ಒರಟು ನಕಲನ್ನಷ್ಟೇ ತೋರಿಸುತ್ತದೆ. ಸ್ವಲ್ಪ ಮಸುಕಾಗಿರುತ್ತದೆ. ಪ್ರೆಸ್ಸಿಗೆ ಹೋಗುವಾಗ ಅಸಲಿ ಫೋಟೋವೇ ಹೋಗುತ್ತದೆ. ಈ ಸಂಗತಿಯನ್ನು ಮೇಷ್ಟ್ರಿಗೆ ಹದಿನೇಳು ಸಲ ವಿವರಿಸಿದ್ದೇನೆ.

ಅವರು ದಿನಾ ಹತ್ತೂವರೆಗೆ ಬರುತ್ತಾರೆ. ಛತ್ರಿಯನ್ನು ಬಾಗಿಲ ಮೂಲೆಗೆ ಒರಗಿಸುತ್ತಾರೆ. ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾರೆ. ಹಾಕಿಕೊಳ್ಳುತ್ತಾರೆ. ಪರದೆಯನ್ನೇ ದಿಟ್ಟಿಸುತ್ತಾರೆ. ಆಮೇಲೆ, ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನನ್ನು ಹಿಡಿದ ದನಿಯಲ್ಲಿ: "ಮುಖ ಮಂಜಾಗಿದೆ ಕಣಮ್ಮಾ."

"ಪರದೆ ಮೇಲೆ ಮಾತ್ರ ಸಾರ್. ಅಚ್ಚಿನಲ್ಲಿ ಸರಿ ಬರುತ್ತೆ."

"ಬರುತ್ತೆ, ಬರುತ್ತೆ. ಆದ್ರೂ ಮಂಜಾಗಿದೆ."

ಮಾರನೆಯ ದಿನ ಮತ್ತೆ ಛತ್ರಿ, ಕುರ್ಚಿ, ಪಂಚೆ, ಕನ್ನಡಕ. "ಹೆಡ್ಮಾಸ್ಟರ ಮುಖ ಮಂಜಾಗಿದೆ ಕಣಮ್ಮಾ." ಅದರ ಮಾರನೆಯ ದಿನ ಮಾಜಿ ಅಧ್ಯಕ್ಷರು ಮಂಜಾದರು. ಸರಸ್ವತಿಯ ಚಿತ್ರವನ್ನೂ ಬಿಡಲಿಲ್ಲ. ಮಡಿಕೇರಿಯಲ್ಲೂ ಇಷ್ಟು ಮಂಜಿರಲಾರದು. ಕೊನೆಗೆ ತಡೆಯಲಾರದೆ ಹೈ ಕ್ವಾಲಿಟಿ ಡಿಸ್‌ಪ್ಲೇ ಒತ್ತಿಬಿಡುತ್ತಿದ್ದೆ. ಅಂದರೆ ಆ ಪುಟದಲ್ಲಿರುವ ಅಸಲಿ ಫೋಟೋಗಳನ್ನೆಲ್ಲ ಈಗಲೇ ತಂದು ತೋರಿಸು ಅಂತ ಅರ್ಥ. ನನ್ನ 4 ಜಿಬಿಯ ಮುದುಕ ಸೊಂಟ ಹಿಡಿದುಕೊಂಡು ಕೂತುಬಿಡುತ್ತಿದ್ದ.

ಹೋದ ವಾರ ಆದದ್ದನ್ನು ಹೇಳಲೇಬೇಕು. ಸಮಾರಂಭದ ಊಟದ ಖರ್ಚು ಪೂರ್ತಿ ವಹಿಸಿಕೊಂಡ ದಾನಿಗಳನ್ನು ಮೇಷ್ಟ್ರು ನೇರ ನಮ್ಮ ಮನೆಗೇ ಕರೆತಂದರು. ಅವರ ಹಳೇ ಶಿಷ್ಯ, ಈಗ ಸಿಮೆಂಟ್ ಇಟ್ಟಿಗೆ ಕಾರ್ಖಾನೆ ಇದೆ. "ನಿನ್ನ ಪುಟ ಹೇಗೆ ಬಂದಿದೆ ನೋಡಪ್ಪ" ಅಂತ ಅವರನ್ನು ಕೂರಿಸಿ, ನನ್ನ ಕಡೆ ತಿರುಗಿ, "ದೊಡ್ಡದು ಮಾಡಮ್ಮ, ಮೀಸೆ ಸರಿಯಾಗಿ ಕಾಣಲಿ" ಅಂದರು. ಮಾಡಿದೆ. "ಇನ್ನೂ ಸ್ವಲ್ಪ." ಮಾಡಿದೆ. 400 ಪರ್ಸೆಂಟಿಗೆ ಬಂತು. ಅಲ್ಲಿ ಯಂತ್ರ ಪ್ರಾಣ ಬಿಟ್ಟಿತು.

ಪರದೆ ತುಂಬ ದಾನಿಗಳ ಒಂದು ಮೂಗಿನ ಹೊಳ್ಳೆ, ಅದರ ಕೆಳಗೆ ಅರ್ಧ ಮೀಸೆ. ನಿಧಾನಕ್ಕೆ ಅದರ ಮೇಲೆ ಪೌಡರ್ ಬಳಿದ ಹಾಗೆ ಬಿಳಿ ಬಣ್ಣ ಹರಡಿತು. ನೆತ್ತಿಯ ಮೇಲಿನ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಮೂಡಿತು: ನಾಟ್ ರೆಸ್ಪಾಂಡಿಂಗ್.

ದಾನಿಗಳು ಅದನ್ನು ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು. "ಏನ್ ಮೇಷ್ಟ್ರೇ ಇದು, ನನ್ನ ಫೋಟೋ ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಹಾಕಿಸಿದೀರಿ? ನೀವು ಫೋನ್ ಮಾಡಿದಾಗೆಲ್ಲ ಎತ್ತಿದೀನಲ್ಲ?"

"ಎಲ್ಲಿ, ಎಲ್ಲಿ?" ಅಂತ ಮೇಷ್ಟ್ರು ಪರದೆಗೆ ಮೂಗು ತಾಗಿಸಿದರು. ಮೂಗಿಗೆ ಮೂಗು. ಏನೂ ಕಾಣದೆ ನನ್ನ ಕಡೆ ತಿರುಗಿ, "ಅದನ್ನ ತೆಗೆದುಬಿಡಮ್ಮ. 'ಕೊಡುಗೈ ದಾನಿ' ಅಂತ ಹಾಕು" ಅಂದರು.

"ತೆಗೆಯೋಕೆ ಆಗಲ್ಲ ಸಾರ್. ಅದಾಗಿ ಅದೇ ಹೋಗಬೇಕು."

"ಅದಾಗಿ ಅದೇ ಹೋಗಬೇಕು ಅಂದ್ರೆ?" ದಾನಿಗಳು ಎದ್ದೇ ನಿಂತರು. "ಪುಸ್ತಕದಲ್ಲೂ ಹಿಂಗೇ ಬರುತ್ತಾ?"

ಟಾಸ್ಕ್ ಮ್ಯಾನೇಜರ್ ತೆರೆದು ಅದನ್ನು ಸಾಯಿಸಿದೆ. ಮತ್ತೆ ಐದು ಸೀಟಿ. ರಿಕವರಿ ಅನ್ನುವ ಪುಣ್ಯಾತ್ಮ ಇರುವುದರಿಂದ ಕೆಲಸ ಉಳಿಯಿತು. ದಾನಿಗಳು ಅಷ್ಟು ಹೊತ್ತು ಕಾಯಲಿಲ್ಲ. ಮಾರನೆಯ ದಿನ ಮೇಷ್ಟ್ರ ಕೈಯಲ್ಲಿ ತಮ್ಮ ಇನ್ನೊಂದು ಫೋನ್ ನಂಬರ್ ಬರೆದು ಕಳಿಸಿದ್ದರು. ಇದು ಯಾವಾಗಲೂ ಆನ್ ಇರುತ್ತೆ ಅಂತ.

ಅವತ್ತು ಸಂಜೆಯೇ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಗೋಳು ಪೂರ್ತಿ ಕೇಳುವ ಮುಂಚೆಯೇ ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದ. ಒಳಗೆ ಕೆಂಪು, ನೀಲಿ, ಹಸಿರು ಲೈಟು, ಗಣಪತಿ ಪೆಂಡಾಲಿನ ಹಾಗೆ. "ಗೇಮಿಂಗ್ ಪೀಸ್ ಅಕ್ಕಾ. ಹದಿನಾರು ಕೋರು, ಗ್ರಾಫಿಕ್ಸ್ ಕಾರ್ಡೂ ಇದೆ. ಇದ್ರಲ್ಲಿ ಏನ್ ಬೇಕಾದ್ರೂ ಓಡುತ್ತೆ." ಬೆಲೆ ಕೇಳಿದೆ. ಓಡಬೇಕಾದವಳು ನಾನೇ ಅನ್ನಿಸಿತು.

ನಿಜ ಹೇಳಬೇಕೆಂದರೆ, ಪುಟ ಜೋಡಿಸುವವರಿಗೆ ಆ ದೀಪಾಲಂಕಾರ ಬೇಡವೇ ಬೇಡ. ಆ ದುಬಾರಿ ಗ್ರಾಫಿಕ್ಸ್ ಕಾರ್ಡಿನಿಂದ ನಮ್ಮ ಕೆಲಸಕ್ಕೆ ಆಗುವ ಉಪಕಾರ ಅಷ್ಟಕ್ಕಷ್ಟೆ. ಹದಿನಾರು ಕೋರ್, ಅಂದರೆ ಲೆಕ್ಕ ಮಾಡುವ ಹದಿನಾರು ಮಿದುಳು, ಇದ್ದರೂ ಹೆಚ್ಚಿನ ಕೆಲಸವನ್ನು ಒಂದೇ ಕೋರ್ ಹೊತ್ತುಕೊಳ್ಳುತ್ತದೆ. ಮಿಕ್ಕವು ನಮ್ಮ ಸ್ಮರಣ ಸಂಚಿಕೆ ಸಮಿತಿಯವರ ಹಾಗೆ, ಬೋಂಡಕ್ಕೆ ಮಾತ್ರ. ಆ ಒಂದು ಕೋರ್ ಚುರುಕಾಗಿದ್ದರೆ ಸಾಕು. ಇಲ್ಲಿ ಎಡವುವುದು ರ್‍ಯಾಮು ಮತ್ತು ಡಿಸ್ಕಿನಲ್ಲಿ. ರ್‍ಯಾಮ್ ಅಂದರೆ ಒಲೆ ಪಕ್ಕದ ಕಟ್ಟೆ, ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ಕಟ್ಟೆ ಮೇಲೆ ಜಾಗ ಇಲ್ಲದಿದ್ದರೆ ಸಾಸಿವೆ ಡಬ್ಬಿಯನ್ನೂ ಅಟ್ಟಕ್ಕೆ ಹಾಕಬೇಕು, ಒಗ್ಗರಣೆ ಹೊತ್ತಿಗೆ ಏಣಿ ಹತ್ತಿ ತರಬೇಕು. ನನ್ನ ಕಂಪ್ಯೂಟರ್ ಮಾಡುತ್ತಿದ್ದದ್ದು ಅದೇ. ಅಡುಗೆಗಿಂತ ಏಣಿ ಹತ್ತಿ ಇಳಿಯುವುದೇ ಜಾಸ್ತಿ. ಅದೂ ಹಳೇ ತಿರುಗುವ ಡಿಸ್ಕು. ಸೆಕೆಂಡಿಗೆ 100, ಹೆಚ್ಚೆಂದರೆ 150 ಎಂಬಿ ಇಳಿಸಿಕೊಟ್ಟರೆ ದೊಡ್ಡದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕಾದರೆ, ನನ್ನಂಥ ಹಳೇ ಯಂತ್ರಕ್ಕೆ ಕೂರುವ ಸಾಮಾನ್ಯದ್ದೂ 500 ದಾಟುತ್ತದೆ.

"8 ಜಿಬಿ ಎರಡು ರ್‍ಯಾಮು, ಒಂದು ಎಸ್‌ಎಸ್‌ಡಿ. ಅಷ್ಟೇ ಕೊಡಪ್ಪ" ಅಂದೆ. ಹುಡುಗನ ಮುಖದ ಲೈಟು ಆರಿತು. ಲೈಟ್ ಆರಿದ್ದಕ್ಕೋ ಏನೋ ಬಿಲ್ಲಿನಲ್ಲಿ ಒಂದು ಪೈಸೆಯನ್ನೂ ಬಿಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕುಕ್ಕರ್ ಇಟ್ಟು ಫೈಲ್ ಒತ್ತಿದೆ. ಒಂದು ಸೀಟಿಯೂ ಆಗಲಿಲ್ಲ, ಉಸ್ ಅನ್ನುವುದಕ್ಕೆ ಮುಂಚೆಯೇ 192 ಪುಟವೂ ತೆರೆದು ಕೂತಿದ್ದವು. ಹೈ ಕ್ವಾಲಿಟಿ ಒತ್ತಿದೆ. ಹೆಡ್ಮಾಸ್ಟರ ಕಿವಿಯ ಕೂದಲೂ ಎಣಿಸುವಂತಿತ್ತು. ಯಜಮಾನರನ್ನು ಕರೆದು ತೋರಿಸಿದೆ. "ನಾನು ಹೇಳಲಿಲ್ವಾ, ರೀಸ್ಟಾರ್ಟ್ ಮಾಡು ಅಂತ" ಅಂದರು.

ಹತ್ತೂವರೆಗೆ ಮೇಷ್ಟ್ರು ಬಂದರು. ಪುಟಗಳು ಸರಸರ ಓಡಿದವು. ಅವರು ಕುರ್ಚಿಯಲ್ಲಿ ಯಾಕೋ ಮುಜುಗರದಿಂದ ಅಲುಗಾಡಿದರು. ನನಗೆ ಆಗ ಹೊಳೆಯಿತು. ಇಷ್ಟು ದಿನ ಆ ಉಂಗುರ ಸುತ್ತುವಾಗೆಲ್ಲ ಅವರು ಕಥೆ ಹೇಳುತ್ತಿದ್ದರು. ಸೋರುವ ಒಂಬತ್ತನೇ ಕ್ಲಾಸಿನಲ್ಲಿ ಛತ್ರಿ ಹಿಡಿದು ಪಾಠ ಮಾಡಿದ್ದು, ಗಂಟೆ ಹೊಡೆಯುವ ಜವಾನ ಹೋದ ದಿನ ಯಾರೂ ಹೇಳದೆಯೇ ಹುಡುಗರೆಲ್ಲ ಸುಮ್ಮನೆ ಸಾಲಾಗಿ ನಿಂತದ್ದು. ಸ್ಮರಣ ಸಂಚಿಕೆಯ ಸಂದೇಶಗಳಲ್ಲಿ ಇದ್ಯಾವುದೂ ಇಲ್ಲ. ಅವುಗಳಲ್ಲಿರುವುದು 'ಸಂಸ್ಥೆಯು ಉತ್ತರೋತ್ತರ ಅಭಿವೃದ್ಧಿ ಹೊಂದಲಿ' ಅಷ್ಟೆ. ಕೊನೆಯ ಕಥೆ ಅರ್ಧಕ್ಕೇ ನಿಂತಿತ್ತು. 1983ರ ವಾರ್ಷಿಕೋತ್ಸವ, ಪರದೆ ಏಳುವ ಹೊತ್ತು, ಶಕುನಿ ಪಾತ್ರದ ಹುಡುಗ ದಾಳದ ಸಮೇತ ನಾಪತ್ತೆ. ಅಷ್ಟರಲ್ಲಿ ಉಂಗುರ ನಿಂತು, ಮೇಷ್ಟ್ರೂ ನಿಂತರು. ಈಗ ನಿಲ್ಲುವುದಕ್ಕೆ ಸುತ್ತುವ ಉಂಗುರವೇ ಇಲ್ಲ.

ಸುಮ್ಮನಿರಲಾರದೆ ಅವರು ಕನ್ನಡಕ ತೆಗೆದರು. ಪಂಚೆಯಲ್ಲಿ ಒರೆಸಿದರು. ಹಾಕಿಕೊಂಡರು. ನಾನು ಉಸಿರು ಬಿಗಿಹಿಡಿದೆ.

"ಮುಖ ಮಂಜಾಗಿದೆ ಕಣಮ್ಮಾ."

ನನ್ನ ಹೊಟ್ಟೆಯಲ್ಲಿ 16 ಜಿಬಿ ಉರಿ. "ಸಾರ್, ಇದಕ್ಕಿಂತ ಚೆನ್ನಾಗಿ ತೋರಿಸೋಕೆ ಅವರನ್ನೇ ಕರೆಸಬೇಕು!" ಕಿಟಕಿಯತ್ತ ಕೈ ತೋರಿಸಿ ಕೇಳಿದೆ, "ಎದುರು ಮನೆ ಗೇಟಿನ ಮೇಲೆ ಏನು ಬರೆದಿದೆ ಹೇಳಿ ನೋಡೋಣ?"

ಮೇಷ್ಟ್ರು ಅತ್ತ ನೋಡಿದರು. "ಗೇಟಿದೆಯಾ ಅಲ್ಲಿ?"

ಕಣ್ಣಿಗೆ ಪೊರೆ ಬಂದಿದೆಯಂತೆ, ಎರಡಕ್ಕೂ. ಡಾಕ್ಟರು ಹೇಳಿ ಆರು ತಿಂಗಳಾಯಿತಂತೆ. "ಆಪರೇಷನ್ ಅಂದ್ರೆ ಮನೇಲಿ ಆಚೆ ಬಿಡಲ್ಲ ಕಣಮ್ಮ. ಪುಸ್ತಕ ಮುಗೀಲಿ ಅಂತ ಸುಮ್ನಿದೀನಿ" ಅಂದರು, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ. ನನಗೆ ಬೈಯುವುದಕ್ಕೂ ಆಗಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದೆ.

ಕಾಫಿ ಕುಡಿದು, ಲೋಟ ಕೆಳಗಿಟ್ಟು, ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. "ಇನ್ನೊಂದು ಸಂದೇಶ ಬಂದಿದೆ. ಒಂದೇ ಪುಟ."

"ಸಾರ್! 193ನೇ ಪುಟ ಆಗುತ್ತೆ. ಫಾರಂ ಲೆಕ್ಕ ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಯಾರದು ಇದು, ಇಷ್ಟು ದಿನ ಎಲ್ಲಿಗೆ ಹೋಗಿದ್ದರು?"

"ಅದೇ ಗೊತ್ತಾಗಲಿಲ್ಲ ನೋಡು," ಅಂದರು ಮೇಷ್ಟ್ರು. "ಶಕುನಿ ಕಣಮ್ಮ. ಈಗ ಸಿಕ್ಕಿದಾನೆ."